ಪವರ್ 60, ಹಿಟ್ 40

ಬೆಳಿಗ್ಗೆ ಕಾಲೇಜ್ ಬೇಸ್‌ಬಾಲ್ ಹುಡುಗನೊಬ್ಬನ ಸ್ಕೌಟಿಂಗ್ ರಿಪೋರ್ಟ್ (ಪ್ರತಿಭೆ ಹುಡುಕೋರು ಬರೆಯೋ ವರದಿ) ಕಣ್ಣಿಗೆ ಬಿತ್ತು. ಪವರ್ (ಚೆಂಡನ್ನ ದೂರ ಹೊಡೆಯೋ ಬಲ) 60, ಹಿಟ್ (ಚೆಂಡಿಗೆ ಬ್ಯಾಟು ಸರಿಯಾಗಿ ತಾಗಿಸೋ ಕಲೆ) 40.
ಎಲ್ಲರ ಕಣ್ಣೂ ಆ 60ರ ಮೇಲೇ. ನನ್ನ ತಲೆಯಲ್ಲಿ ಕೂತಿರೋದು ಆ 40.

ಅಂಕ 20ರಿಂದ 80ರವರೆಗೆ. 50 ಅಂದ್ರೆ ಮೇಜರ್ ಲೀಗ್, ಅಂದ್ರೆ ಅಮೆರಿಕದ ಅತ್ಯುನ್ನತ ವೃತ್ತಿಪರ ಬೇಸ್‌ಬಾಲ್‌ನ ಸರಾಸರಿ. ಚೆಂಡು ಬ್ಯಾಟಿಗೆ ತಾಗದಿದ್ರೆ ತೋಳಿನ ಬಲ ಇದ್ದು ಏನು ಪ್ರಯೋಜನ?

ಅದೂ ಕಾಲೇಜಲ್ಲಿ ಲೋಹದ ಬ್ಯಾಟು. 2011ರಿಂದ ಅದರಿಂದ ಚೆಂಡು ಚಿಮ್ಮೋದಕ್ಕೆ ಮಿತಿ ಹಾಕಿದ್ದಾರೆ, ನಿಜ. ಆದ್ರೂ ಮೈ ಹತ್ತಿರಕ್ಕೆ ಬಂದ ಎಸೆತ ಹಿಡಿಕೆಯ ಕಡೆ ತಾಗಿದ್ರೆ ಲೋಹ ಮುರಿಯಲ್ಲ, ಚೆಂಡು ಹೇಗೋ ಇನ್‌ಫೀಲ್ಡ್ (ಒಳ ಮೈದಾನ) ದಾಟಿ ಬಿದ್ದುಬಿಡುತ್ತೆ. ಮೇಜರ್ ಲೀಗ್‌ನ ಮರದ ಬ್ಯಾಟಾದ್ರೆ ಅಲ್ಲೇ ಸೀಳಿಹೋಗುತ್ತೆ. ಹೋಮ್ ರನ್ ಎಣಿಸೋ ಮುಂಚೆ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಔಟಾಗೋದು) ನೋಡಿ. ಸ್ಟ್ರೈಕ್ ಝೋನ್ (ಬ್ಯಾಟರ್ ಹೊಡೆಯಬೇಕಾದ ಜಾಗ) ಒಳಗಿನ ಚೆಂಡಿಗೇ ಬೀಸಿ ಎಷ್ಟು ಸಲ ತಪ್ಪಿಸ್ತಾನೆ, ಅದನ್ನ ಮೊದಲು ನೋಡಿ.

ಕಾಲೇಜ್ ಬ್ಯಾಸ್ಕೆಟ್‌ಬಾಲಲ್ಲೂ ಇದೇ ಪಾಡು. ಮೊದಲ ವರ್ಷದ ಹುಡುಗ 100 ತ್ರೀ (ದೂರದ ಗೆರೆಯಾಚೆಯಿಂದ ಎಸೆಯೋ ಮೂರು ಅಂಕದ ಶಾಟ್) ಎಸೆದು 40 ಹಾಕಿದ್ರೆ ದೊಡ್ಡ ಶೂಟರ್ ಅಂತಾರೆ. ಅದರಲ್ಲಿ ಐದು ರಿಮ್‌ಗೆ ಬಡಿದು ಹೊರಗೆ ಹೋಗಿದ್ರೆ 35, ಮಾಮೂಲಿ ಆಟಗಾರ! ಕಾಲೇಜಲ್ಲಿ ಆ ಗೆರೆಯೂ 22 ಅಡಿ 1¾ ಇಂಚು ಅಷ್ಟೇ. ವೃತ್ತಿಪರರ ಲೀಗ್ ಎನ್‌ಬಿಎಯಲ್ಲಿ 23 ಅಡಿ 9 ಇಂಚು, ಮೂಲೆಯಲ್ಲಿ ಮಾತ್ರ 22.

ನಾನು ನಂಬೋದು ಫ್ರೀ ಥ್ರೋನ (ಫೌಲ್ ಆದಾಗ ಸಿಗೋ ಎಸೆತ). 15 ಅಡಿ, ಅಡ್ಡ ಯಾರೂ ಇಲ್ಲ, ಕೈಯ ಹದ ಅಲ್ಲೇ ಗೊತ್ತಾಗುತ್ತೆ. ಅಲ್ಲಿ ಶೇ 85 ಹಾಕೋ ಹುಡುಗನ ತ್ರೀ ಈಗ ಶೇ 32 ಇದ್ರೂ ನಾನು ಕಾಯ್ತೀನಿ.

ಆ ಹಿಟ್ 40 ಹುಡುಗ? ತಂಡಗಳು ಆಟಗಾರರನ್ನ ಆರಿಸಿಕೊಳ್ಳೋ ಡ್ರಾಫ್ಟ್‌ನ ಎರಡನೇ ಸುತ್ತಲ್ಲಿ ಸಿಕ್ಕಿದ್ರೆ ಖುಷಿಯಿಂದ ತಗೊಳ್ಳಿ. ಮೊದಲ ಸುತ್ತಿಗೆ ಬೇಡ.