ಪೆನ್ರಿತ್ ಡೈರಿ: ಕಯಾಕ್‌ನಿಂದ ಸಿ-1ಗೆ

ಸಿಡ್ನಿಯ ಪೆನ್ರಿತ್‌ನಲ್ಲಿ ಈ ಬೇಸಿಗೆಯಿಂದ ಕಯಾಕ್ ಬದಿಗಿಟ್ಟು ಸಿ-1, ಅಂದರೆ ಒಬ್ಬರೇ ನಡೆಸುವ ಕೆನೂ ದೋಣಿ, ಕಲಿಯುತ್ತಿದ್ದೇನೆ. ಕಯಾಕ್‌ನಲ್ಲಿ ಕಾಲು ಚಾಚಿ ಕೂರಬಹುದು, ಹುಟ್ಟಿನ ಎರಡೂ ತುದಿಗೆ ಬ್ಲೇಡ್ ಇರುತ್ತದೆ. ಸಿ-1ನಲ್ಲಿ ಬ್ಲೇಡ್ ಒಂದೇ, ಕೂರುವುದು ಮಂಡಿಯೂರಿ. ಅಲುಗಾಡುವ ನೀರಿನ ಮೇಲೆ ವಜ್ರಾಸನ ಹಾಕಿದ ಹಾಗೆ. ಕಾಲು ಜೋಮು ಹಿಡಿಯುವುದು ಮೊದಲು, ಕಲಿಕೆ ಆಮೇಲೆ!

ಕ್ಲಬ್‌ನಲ್ಲಿ ಎಲ್ಲರೂ ಕೇಳಿದರು, ಕಯಾಕ್ ಈಗ ತಾನೇ ಕೈಗೆ ಹತ್ತಿದೆ, ಇದ್ಯಾಕೆ ಅಂತ. ಉತ್ತರ: ಜೆಸಿಕಾ ಫಾಕ್ಸ್, ಆಸ್ಟ್ರೇಲಿಯಾದ ಸ್ಲಾಲಂ ಆಟಗಾರ್ತಿ. ಸೆಳವಿನ ನೀರಿನಲ್ಲಿ ನೇತಾಡುವ ಕಂಬಗಳ ಗೇಟುಗಳ ನಡುವೆ ದೋಣಿ ದಾಟಿಸುವ ಓಟ ಸ್ಲಾಲಂ.

ಪ್ಯಾರಿಸ್ ಒಲಿಂಪಿಕ್ಸ್‌ನ ಎರಡು ಚಿನ್ನ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಜಾಸ್ತಿ ಹಿಡಿಸಿದ್ದು ಅವಳ ಶುರುವಿನ ವರ್ಷಗಳು. 1994ರಲ್ಲಿ ಮಾರ್ಸೇಯಲ್ಲಿ ಹುಟ್ಟಿದವಳು. ಅಪ್ಪ ರಿಚರ್ಡ್ ಇದೇ ಆಟದಲ್ಲಿ ಬ್ರಿಟನ್ನಿನ ವಿಶ್ವ ಚಾಂಪಿಯನ್. ಅಮ್ಮ ಮಿರಿಯಂ 1996ರ ಅಟ್ಲಾಂಟಾದಲ್ಲಿ ಫ್ರಾನ್ಸ್‌ಗೆ ಕಂಚು ತಂದವರು, ಮುಂದೆ ಮಗಳಿಗೆ ಕೋಚ್ ಕೂಡ ಆದರು. ಸಿಡ್ನಿ ಒಲಿಂಪಿಕ್ಸ್‌ಗೆ ಮುಂಚೆ ಅಪ್ಪನಿಗೆ ಆಸ್ಟ್ರೇಲಿಯಾ ತಂಡದಲ್ಲಿ ಕೆಲಸ ಸಿಕ್ಕಿ ಮನೆಯವರೆಲ್ಲ ಇಲ್ಲಿಗೆ ಬಂದರು. ಇಂಥ ಮನೆಯಲ್ಲಿ ಹುಟ್ಟಿದ ಮೇಲೆ ಇನ್ನೇನು ಅನ್ನುವವರಿದ್ದಾರೆ. ಇರಲಿ, ಗೇಟು ತಾಗಿದರೆ ಎರಡು ಸೆಕೆಂಡು ದಂಡ, ಗೇಟೇ ಬಿಟ್ಟುಹೋದರೆ ಐವತ್ತು. ಅಲ್ಲಿ ಅಪ್ಪ ಅಮ್ಮ ಯಾರೆಂದು ಯಾರೂ ಕೇಳುವುದಿಲ್ಲ.

2010ರಲ್ಲಿ ಸಿಂಗಪುರದ ಯೂತ್ ಒಲಿಂಪಿಕ್ಸ್‌ನಲ್ಲಿ ಕಯಾಕ್ ಚಿನ್ನ. 2012ರಲ್ಲಿ ಲಂಡನ್‌ನಲ್ಲಿ ಬೆಳ್ಳಿ, ಆಗ ವಯಸ್ಸು ಹದಿನೆಂಟು. ಫ್ರಾನ್ಸ್‌ನ ಎಮಿಲಿ ಫೇರ್ ಮುಂದಿದ್ದದ್ದು ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ. ಇಷ್ಟಾದ ಮೇಲೆ ಕಯಾಕ್ ಒಂದನ್ನೇ ಹಿಡಿದಿದ್ದರೂ ಸಾಕಿತ್ತು, ಅಲ್ವಾ? ಅವಳು ಜೊತೆಗೆ ಸಿ-1 ಕೂಡ ಬಿಡಲಿಲ್ಲ. ಆಗ ಹೆಂಗಸರ ಸಿ-1 ಒಲಿಂಪಿಕ್ಸ್‌ನಲ್ಲಿ ಇರಲೇ ಇಲ್ಲ. ಆದರೂ 2013ರಲ್ಲಿ ಪ್ರಾಗ್‌ನಲ್ಲಿ ವಿಶ್ವ ಚಾಂಪಿಯನ್ ಆದಳು. 2014ರಲ್ಲಿ ಅಮೆರಿಕದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎರಡೂ ದೋಣಿಗಳಲ್ಲಿ ಗೆದ್ದಳು. ಹೆಂಗಸರ ಸಿ-1ಗೆ ಒಲಿಂಪಿಕ್ಸ್ ಬಾಗಿಲು ತೆರೆದದ್ದು ಟೋಕಿಯೋದಲ್ಲಿ, ಅದರ ಮೊದಲ ಚಿನ್ನವೂ ಅವಳದೇ. ಅಷ್ಟು ವರ್ಷ ಒಲಿಂಪಿಕ್ ಪದಕದ ಆಸೆಯೇ ಇಲ್ಲದ ದೋಣಿಯಲ್ಲಿ ಮಂಡಿಯೂರಿದ್ದಾಳಲ್ಲ, ಅದು ನನಗೆ ಬೆಳ್ಳಿಗಿಂತ ದೊಡ್ಡದು.

ಇನ್ನು ನನ್ನ ಕಥೆ. ಮೊದಲು ಪಕ್ಕದ ರೆಗಾಟಾ ಕೆರೆಯ ನಿಂತ ನೀರಿನಲ್ಲಿ ನೇರ ಹೋಗುವುದೇ ದೊಡ್ಡ ಪಾಠ. ಒಂದೇ ಕಡೆ ಹುಟ್ಟು ಹಾಕಿದರೆ ದೋಣಿ ಇನ್ನೊಂದು ಕಡೆ ತಿರುಗುತ್ತದೆ. ಪ್ರತಿ ಎಳೆತದ ಕೊನೆಗೆ ಬ್ಲೇಡ್ ಸ್ವಲ್ಪ ಹೊರಳಿಸಿ ಅದನ್ನು ಸರಿಮಾಡಬೇಕು. ಈಗ ಇದು ಯೋಚಿಸದೆ ಬರುತ್ತಿದೆ.

ಕಷ್ಟ ಇರುವುದು ಎಡಗಡೆ. ನಾನು ಬಲಗಡೆ ಹುಟ್ಟು ಹಾಕುವವನು. ಎಡಕ್ಕೆ ತಟ್ಟನೆ ತಿರುಗಬೇಕಾದಾಗ ಹಿಡಿತ ಬದಲಿಸದೆ, ಸೊಂಟ ತಿರುಗಿಸಿ, ಹುಟ್ಟನ್ನು ದೋಣಿಯ ಮೂತಿಯ ಮೇಲಿಂದ ಆಚೆ ದಾಟಿಸಿ ಎಳೆಯಬೇಕು. ತೋಳಿನ ಬಲ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಬೆನ್ನು ಮತ್ತು ಸೊಂಟ ಬೇಕು. ಸೆಳವಿನ ಕಾಲುವೆಯ ಕೆಳಭಾಗದಲ್ಲಿ ಹಸಿರು ಗೇಟುಗಳು ಪರವಾಗಿಲ್ಲ, ನೀರೇ ತಳ್ಳುತ್ತದೆ. ಕೆಂಪು ಗೇಟುಗಳನ್ನು ನೀರಿಗೆ ಎದುರಾಗಿ ಹತ್ತಬೇಕು. ಬಲಗಡೆಯ ಕೆಂಪು ಗೇಟು ಈಗ ಚೆನ್ನಾಗಿ ದಾಟುತ್ತೇನೆ. ಎಡಗಡೆಯದರಲ್ಲಿ ಕಂಬ ಇನ್ನೂ ಭುಜಕ್ಕೆ ಬಡಿಯುತ್ತಿದೆ.

ಮುಂದಿನ ತಿಂಗಳು ಎಡಗಡೆ ಮಾತ್ರ. ಅದಕ್ಕೂ ಮುಂಚೆ ಮಂಡಿ ಕೆಳಗಿನ ಫೋಮ್ ಕಿತ್ತು ದಪ್ಪನೆಯದು ಅಂಟಿಸಬೇಕು.