ಸ್ಕ್ಯಾನರ್ ಹುಡುಕಿದ್ದು, ನಮ್ಮಲ್ಲಿ ಇಲ್ಲದ್ದು

ನಮ್ಮ ಮನೆಯಲ್ಲಿ ಅಪ್ಪನಿಗೆ ಐರಿಸ್ ಇರಲಿಲ್ಲ, ನನಗಿಲ್ಲ, ಮಗಳಿಗೂ ಇಲ್ಲ. ಪಾಪೆಯ ಸುತ್ತ ಕಂದು ಬಣ್ಣದ ಬಳೆಯ ಹಾಗೆ ಇರುತ್ತದಲ್ಲ, ಅದು. ಬಿಸಿಲಿಗೆ ಪಾಪೆಯನ್ನು ಕಿರಿದು ಮಾಡುವುದು, ಕತ್ತಲಲ್ಲಿ ಹಿಗ್ಗಿಸುವುದು ಅದರ ಕೆಲಸ. ನಮಗೆ ಅಂಚಿನಲ್ಲಿ ಒಂದಿಷ್ಟು ಚೂರು ಬಿಟ್ಟರೆ ಉಳಿದದ್ದು ಬೆಳೆದೇ ಇಲ್ಲ. ಡಾಕ್ಟರು ಇದಕ್ಕೆ ಅನಿರಿಡಿಯಾ ಎನ್ನುತ್ತಾರೆ. 11ನೇ ಕ್ರೋಮೋಸೋಮಿನಲ್ಲಿರುವ ಪ್ಯಾಕ್ಸ್6 ಎಂಬ ಜೀನಿನ ದೋಷವಂತೆ. ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೂ ಸಾಕು, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ನನ್ನ ತಮ್ಮ ಪಾರಾದ.

ಐರಿಸ್ ಇಲ್ಲದಿದ್ದರೆ ಆ ಜಾಗದಲ್ಲೂ ಪಾಪೆಯ ಕಪ್ಪೇ ಕಾಣುತ್ತದೆ. ನೀಲಿ ಕಣ್ಣಿನವರ ದೇಶದಲ್ಲಾದರೆ ಬೇಗ ಗೊತ್ತಾಗುತ್ತದೆ. ನಮ್ಮ ಕಡೆ ಎಲ್ಲರ ಕಣ್ಣೂ ಕಪ್ಪೇ ಅಲ್ವಾ? ಮಗಳು ತೊಟ್ಟಿಲಲ್ಲಿದ್ದಾಗ ನೋಡಲು ಬಂದವರು "ಎಷ್ಟು ಕಪ್ಪು ಕಣ್ಣು, ದೃಷ್ಟಿ ತೆಗಿಯಮ್ಮ" ಎಂದು ಹೇಳಿ ಹೋಗುತ್ತಿದ್ದರು. ಕಿಟಕಿಯ ಕಡೆ ತಿರುಗಿದಾಗೆಲ್ಲ ಅವಳು ಕಣ್ಣು ಬಿಗಿಯಾಗಿ ಮುಚ್ಚುತ್ತಿದ್ದದ್ದು ನನಗೆ ಮಾತ್ರ ಕಾಣುತ್ತಿತ್ತು.

ಬಿಸಿಲಿನದು ದೊಡ್ಡ ಕಷ್ಟವೇ ಅಲ್ಲ, ಟೋಪಿ, ಕಪ್ಪು ಕನ್ನಡಕ ಇದ್ದರೆ ನಡೆಯುತ್ತದೆ. ಕಣ್ಣಿನ ಹಿಂಬದಿಯ ಪರದೆ ರೆಟಿನಾ, ಅದರ ನಡುಭಾಗವೂ ಸರಿಯಾಗಿ ಬೆಳೆದಿರುವುದಿಲ್ಲ. ಹಾಗಾಗಿ ಎಂಥ ನಂಬರಿನ ಕನ್ನಡಕ ಹಾಕಿದರೂ ಬಸ್ಸಿನ ಬೋರ್ಡು ಹತ್ತಿರ ಬರುವ ತನಕ ಓದಲಾಗದು. ಕಣ್ಣುಗುಡ್ಡೆ ಸದಾ ಅತ್ತಿತ್ತ ಓಲಾಡುತ್ತದೆ. ಜಾಸ್ತಿ ಹೆದರಿಕೆ ಗ್ಲಾಕೋಮಾದ್ದು, ಕಣ್ಣೊಳಗಿನ ಒತ್ತಡ ಏರಿ ನರ ಹಾಳಾಗುವ ಕಾಯಿಲೆ. ಅಪ್ಪನ ದೃಷ್ಟಿ ಹೋಗಿದ್ದು ಅದರಿಂದ. ನೋವಿಲ್ಲ, ಏನಿಲ್ಲ, ಸುಮ್ನೆ ಹೋಯಿತು. ಕಣ್ಣಿನ ಒತ್ತಡ ಪರೀಕ್ಷೆಯ ದಿನ ಬಂದರೆ ನಾನೂ ಮಗಳೂ ಮದುವೆ ಮನೆ ಊಟ ಬಿಟ್ಟಾದರೂ ಹೋಗುತ್ತೇವೆ.

ಮಗಳಿಗೆ ಐದು ತುಂಬಿದ ಮೇಲೆ ಆಧಾರ್‌ಗೆ ಬೆರಳಚ್ಚು, ಕಣ್ಣಿನ ಗುರುತು ಕೊಡಿಸಲು ಕರೆದುಕೊಂಡು ಹೋದೆ. ಸಾಲಿನಲ್ಲಿದ್ದ ಅಜ್ಜಿಯೊಬ್ಬರು ನಮ್ಮ ಕನ್ನಡಕ ನೋಡಿ "ಅಮ್ಮ ಮಗಳದು ಭಾರಿ ಸ್ಟೈಲು" ಎಂದರು. ಬೆರಳಚ್ಚು ಬೇಗ ಮುಗಿಯಿತು. ಕಣ್ಣಿನ ಯಂತ್ರ ಮಾತ್ರ ಒಪ್ಪಲಿಲ್ಲ.

"ಕಣ್ಣು ದೊಡ್ಡದು ಮಾಡು ಪುಟ್ಟಿ, ಅಲ್ಲಾಡಿಸಬೇಡ."

"ಅದು ನಿಲ್ಲಲ್ಲ ಅಂಕಲ್" ಎಂದಳು.

ಆಪರೇಟರ್ ಹುಡುಗ ಯಂತ್ರ ಒರೆಸಿದ, ಫ್ಯಾನ್ ಆರಿಸಿದ (ಯಾಕೋ ಗೊತ್ತಿಲ್ಲ), ಕೊನೆಗೆ "ಮೇಡಂ, ಮಗುಗೆ ಲೆನ್ಸ್ ಹಾಕಿಸಿದ್ದೀರಾ?" ಎಂದ. ನಗು ತಡೆಯಲಾಗಲಿಲ್ಲ. ಆ ಯಂತ್ರ ಓದುವುದೇ ಐರಿಸಿನ ಗೆರೆಗಳನ್ನು, ಅದೇ ಇಲ್ಲ ಎಂದೆ. "ಇದ್ಯಲ್ಲ ಮೇಡಂ, ಕಪ್ಪಗೆ ಕಾಣ್ತಿದೆ" ಎಂದು ಮೊಬೈಲ್ ಟಾರ್ಚ್ ಹಾಕಲು ಬಂದ. ಕೈ ಅಡ್ಡ ಹಿಡಿದೆ. ಅವಳಿಗೆ ಆ ಬೆಳಕು ಸೂಜಿ ಚುಚ್ಚಿದಂತೆ ಎಂದು ಹೇಳಿ ಡಾಕ್ಟರ ಪತ್ರ ಮುಂದಿಟ್ಟೆ.

ಎಷ್ಟು ಜನ ಎತ್ತಿ ಆಡಿಸಿದ ಮಗು! ಇದನ್ನು ಗುರುತಿಸಲು ಒಂದು ಯಂತ್ರ ಬರಬೇಕಾಯಿತು.

ಬೆರಳೋ ಕಣ್ಣೋ ಕೊಡಲಾಗದವರಿಗೆ ಆಧಾರ್‌ನಲ್ಲಿ ಬಯೋಮೆಟ್ರಿಕ್ ಎಕ್ಸೆಪ್ಶನ್ ಎಂಬ ದಾರಿ ಇದೆ. ಹುಡುಗನಿಗೂ ಗೊತ್ತಿತ್ತು. "ಬೆರಳಿಲ್ಲದವರಿಗೆ ಹಾಕಿದ್ದೀನಿ, ಕಣ್ಣಿಗೆ ಇದೇ ಮೊದಲು" ಎಂದು ಮೇಲಿನವರಿಗೆ ಫೋನ್ ಮಾಡಿ, ಕೇಳಿಕೊಂಡು ತುಂಬಿದ. ಹಿಂದಿನ ಸಾಲಿನವರು ಗೊಣಗುತ್ತಿದ್ದರು. ಫೋಟೋಗೆ ಕನ್ನಡಕ ತೆಗೆಯಬೇಕಾಯಿತು. ಲೈಟು ಆರಿಸಿ, ಅವಳು ಕಣ್ಣು ಬಿಡುವ ತನಕ ಕಾದು, ಪಟ್ಟನೆ ಹಾಕಿ ತೆಗೆದ. ಆ ಉಪಾಯ ಅವನದೇ.

ರಸೀದಿ ಕೊಡುತ್ತ, 15 ತುಂಬಿದಾಗ ಮತ್ತೆ ಬರಬೇಕು ಎಂದ. ಪತ್ರದ ಜೆರಾಕ್ಸನ್ನು ಆ ರಸೀದಿಗೇ ಪಿನ್ ಮಾಡಿ ಇಟ್ಟಿದ್ದೇನೆ.