ವೇಲ್ಸ್‌ನ ಸಣ್ಣ ಫುಟ್‌ಬಾಲ್ ಮೈದಾನಗಳಿಗೆ ಹೊರಟಿದ್ದೀರಾ? ರೈಲು ಬದಲಿಸುವ ಮೊದಲು ಫೋನ್ ನೋಡಿ

ಗೇಟಿಗೆ ಒಂದು ಹಾಳೆ ಅಂಟಿಸಿದ್ದರು. ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ನಾಲ್ಕೂ ಮೂಲೆಗೆ ಟೇಪು ಹಚ್ಚಿದ್ದರು. ಆದರೂ ನೀರು ಒಳಗೆ ನುಗ್ಗಿ ಮಾರ್ಕರ್ ಶಾಯಿ ನೀಲಿ ಗೆರೆಗಳಾಗಿ ಕೆಳಗೆ ಇಳಿದಿತ್ತು. ಓದಲು ಸಿಕ್ಕಿದ್ದು ಎರಡೇ ಪದ: ‘ದಿಮ್ ಗೇಮ್’. ವೆಲ್ಷ್ ಭಾಷೆಯಲ್ಲಿ, ಪಂದ್ಯ ಇಲ್ಲ.

ಇದು ಉತ್ತರ ವೇಲ್ಸ್‌ನ ಬ್ಲೈನೈ ಫೆಸ್ಟಿನಿಯೋಗ್ ಊರಿನ ಫುಟ್‌ಬಾಲ್ ಮೈದಾನ. ಹೆಸರು ಕಾಯ್ ಕ್ಲೀಡ್. ಕಾಯ್ ಅಂದರೆ ಹೊಲ, ಕ್ಲೀಡ್ ಅಂದರೆ ಗಾಳಿ ತಾಗದೆ ಬೆಚ್ಚಗಿರುವ ಜಾಗ. ನಾನು ಮತ್ತು ಭಾವ ಮ್ಯಾಂಚೆಸ್ಟರ್‌ನಿಂದ ಮುಖ್ಯವಾಗಿ ಈ ಮೈದಾನ ನೋಡಲಿಕ್ಕೆ ಅಂತ ಹೊರಟಿದ್ದೆವು. ಸುತ್ತ ಬೆಟ್ಟ, ಮಧ್ಯೆ ಹಸಿರು ಮೈದಾನ ಇರುವ ಫೋಟೋ ನೋಡಿ ಎರಡು ವರ್ಷದಿಂದ ಆಸೆ ಇಟ್ಟುಕೊಂಡಿದ್ದೆ. ಗೇಟಿನ ಸಂದಿಯಿಂದ ಒಳಗೆ ನೋಡಿದೆ. ಒಂದು ಗೋಲ್ ಕಂಬದ ಮುಂದೆ ನಾಟಿ ಮಾಡುವ ಗದ್ದೆಯ ಹಾಗೆ ನೀರು ನಿಂತಿತ್ತು. ಭಾವ ಕೊಡೆ ಮಡಚಿ, “ನಮ್ಮ ತೀರ್ಥಹಳ್ಳಿ ಮಳೆಗೆ ಹೆದರದವನು ನೀನು, ಇಲ್ಲಿ ಮುಖ ಸಣ್ಣ ಮಾಡಬೇಡ ಮಾರಾಯ” ಅಂದರು. ಆದರೆ ಅವರ ಮುಖವೂ ಸಣ್ಣದಾಗಿತ್ತು.

ತಪ್ಪು ಕ್ಲಬ್ಬಿನದಲ್ಲ, ನಮ್ಮದೇ. ಹಾಗಾಗಿ ಅದನ್ನೇ ಮೊದಲು ವಿವರವಾಗಿ ಬರೆಯುತ್ತೇನೆ.

ಈ ಮಟ್ಟದ ಮೈದಾನಗಳು ಬರೀ ಹುಲ್ಲು ಮತ್ತು ಮಣ್ಣು. ಮಳೆ ಬಂದ ದಿನ ಬೆಳಗ್ಗೆ ರೆಫರಿ ಒಬ್ಬರು ಬಂದು ಮೈದಾನದ ಉದ್ದಗಲ ನಡೆದು, ಬೂಟಿನಿಂದ ಒತ್ತಿ, ಚೆಂಡು ಪುಟಿಸಿ ನೋಡುತ್ತಾರೆ. ಚೆಂಡು ನೀರಿನಲ್ಲಿ ನಿಂತುಬಿಟ್ಟರೆ ಆಟ ಇಲ್ಲ. ಅದನ್ನು ಕ್ಲಬ್ಬು ತನ್ನ ಫೇಸ್‌ಬುಕ್ ಅಥವಾ ಎಕ್ಸ್ ಖಾತೆಯಲ್ಲಿ ಎರಡು ಸಾಲಿನಲ್ಲಿ ಹಾಕುತ್ತದೆ. ಪಂದ್ಯಗಳ ಪಟ್ಟಿ ಇರುವ ಜಾಲತಾಣಗಳನ್ನು ಆ ಹೊತ್ತಿಗೆ ಯಾರೂ ತಿದ್ದಿರುವುದಿಲ್ಲ. ನಾವು ನಂಬಿದ್ದು ಅಂಥ ಒಂದು ಪಟ್ಟಿಯನ್ನು. ಅದರಲ್ಲಿ ಮಧ್ಯಾಹ್ನ 2ಕ್ಕೆ ಪಂದ್ಯ ಅಂತ ಹಾಗೇ ಇತ್ತು. ಆಮೇಲೆ ನೋಡಿದರೆ ಕ್ಲಬ್ಬಿನವರು ಬೆಳಗ್ಗೆ 8ಕ್ಕೇ “10 ಗಂಟೆಗೆ ರೆಫರಿ ನೋಡುತ್ತಾರೆ” ಅಂತ ಹಾಕಿದ್ದರು. 10:15ಕ್ಕೆ ಪಂದ್ಯ ಮುಂದೂಡಿದ ಸುದ್ದಿಯೂ ಬಂದಿತ್ತು. ಆಗ ನಾವು ಲ್ಯಾಂಡಿಡ್ನೋ ಜಂಕ್ಷನ್ ಪ್ಲಾಟ್‌ಫಾರ್ಮಿನಲ್ಲಿ ಕಾಫಿ ಕುಡಿಯುತ್ತಾ ನಿಂತಿದ್ದೆವು.

ಹೊಟ್ಟೆ ಉರಿಯುವುದು ಇಲ್ಲೇ. ಆ ಜಂಕ್ಷನ್ನಿನಿಂದ ಒಂದು ರೈಲು ಕಣಿವೆ ಹತ್ತಿ ಬ್ಲೈನೈಗೆ ಹೋಗುತ್ತದೆ, ಸುಮಾರು ಒಂದು ಗಂಟೆ. ಆಚೆ ಕಡೆ ಹೋದರೆ ಹತ್ತೇ ನಿಮಿಷದಲ್ಲಿ ಲ್ಯಾಂಡಿಡ್ನೋ ಪಟ್ಟಣ. ಅಲ್ಲಿನ ಮೈಸ್‌ಡೀ ಪಾರ್ಕ್ ಮೈದಾನದಲ್ಲಿ ಇರುವುದು ಕೃತಕ ಹುಲ್ಲು. ಮಳೆಗೆ ಅಲ್ಲಿ ಆಟ ನಿಲ್ಲುವುದು ಬಹಳ ಕಡಿಮೆ. ಅವತ್ತು ಅಲ್ಲಿ ಪಂದ್ಯ ನಡೆದಿದೆ. ಫೋನ್ ತೆಗೆದು ಒಮ್ಮೆ ನೋಡಿದ್ದರೆ ಸಾಕಿತ್ತು. ಬ್ಲೈನೈ ಕಡೆ ರೈಲುಗಳ ನಡುವೆ ಮೂರು ಗಂಟೆಯಷ್ಟು ಅಂತರ ಇರುತ್ತದೆ. ಒಮ್ಮೆ ಹತ್ತಿದರೆ ಆ ದಿನ ಮುಗಿದ ಹಾಗೆ. ಹಾಗಾಗಿ ನಿಮ್ಮ ಶನಿವಾರವನ್ನು ಒಂದೇ ಮೈದಾನಕ್ಕೆ ಕಟ್ಟಿಹಾಕಬೇಡಿ. ಅದೇ ರೈಲು ಮಾರ್ಗದಲ್ಲಿ ಕೃತಕ ಹುಲ್ಲಿನ ಇನ್ನೊಂದು ಮೈದಾನ ಗುರುತಿಸಿಕೊಂಡಿರಿ. ದಾರಿ ಕವಲೊಡೆಯುವ ನಿಲ್ದಾಣದಲ್ಲಿ ನಿಂತು, ಕ್ಲಬ್ಬಿನ ಸ್ವಂತ ಖಾತೆ ನೋಡಿ, ಆಮೇಲೆ ರೈಲು ಹತ್ತಿ. ಜೋರು ಮಳೆಯಾದರೆ ಕಣಿವೆಯ ರೈಲು ಮಾರ್ಗಕ್ಕೇ ನೀರು ನುಗ್ಗಿ ರೈಲು ನಿಲ್ಲಿಸಿದ್ದೂ ಇದೆ. ಅದನ್ನೂ ಹಿಂದಿನ ರಾತ್ರಿಯೇ ನೋಡಿಕೊಳ್ಳಿ.

ಆದರೂ ಆ ರೈಲು ಪ್ರಯಾಣ ನನಗೆ ಇಷ್ಟವಾಯಿತು. ಕೊನೆಯಲ್ಲಿ ಸುಮಾರು ಮೂರೂವರೆ ಕಿಲೋಮೀಟರ್ ಉದ್ದದ ಸುರಂಗ. ಒಳಗೆ ಹೋಗುವಾಗ ಕಾಡು, ಹೊಳೆ, ಕುರಿ. ಹೊರಗೆ ಬಂದರೆ ಎಲ್ಲೆಲ್ಲೂ ಬೂದುಬಣ್ಣದ ಕಲ್ಲಿನ ರಾಶಿ. ಛಾವಣಿಗೆ ಹಾಕುವ ಸ್ಲೇಟ್ ಕಲ್ಲು ತೆಗೆದು, ಬೇಡದ್ದನ್ನು ನೂರಾರು ವರ್ಷ ಸುರಿದು ಸುರಿದು ಬೆಟ್ಟದಷ್ಟೇ ಎತ್ತರ ಮಾಡಿದ್ದಾರೆ. 2021ರಲ್ಲಿ ಯುನೆಸ್ಕೋ ಈ ಸ್ಲೇಟ್ ಸೀಮೆಯನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಮಳೆಯಲ್ಲಿ ಆ ಕಲ್ಲುಗಳು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತವೆ.

ವಾಪಸ್ ರೈಲಿಗೆ ಇನ್ನೂ ಎರಡು ಗಂಟೆ ಇತ್ತು. ಒದ್ದೆ ಬಟ್ಟೆಯಲ್ಲೇ ಮುಖ್ಯ ಬೀದಿಯ ಒಂದು ಸಣ್ಣ ಹೋಟೆಲಿಗೆ ನುಗ್ಗಿದೆವು. ಐದೇ ಮೇಜು. ಒಳಗಿನವರೆಲ್ಲ ವೆಲ್ಷ್‌ನಲ್ಲೇ ಮಾತಾಡುತ್ತಿದ್ದರು. ಭಾವ ಮಾಂಸ ತಿನ್ನುವುದಿಲ್ಲ. ಈ ಕಡೆ ಊಟದ್ದೇ ದೊಡ್ಡ ಚಿಂತೆ ಅಂತ ಹೆದರಿದ್ದರು. ಹೋಟೆಲಿನ ಅಜ್ಜಿ ಅವರ ಮುಖ ನೋಡಿ, ಕೇಳದೇನೇ ಲೀಕ್ ಮತ್ತು ಆಲೂಗಡ್ಡೆ ಸೂಪು ತಂದಿಟ್ಟರು. ಲೀಕ್ ಅಂದರೆ ಈರುಳ್ಳಿ ಜಾತಿಯದೇ, ಉದ್ದ ದಂಟಿನದು. ಅಗಲವಾದ ಬಟ್ಟಲು ತುಂಬ, ಮೇಲೆ ಕರಿಮೆಣಸಿನ ಪುಡಿ, ಪಕ್ಕದಲ್ಲಿ ಎರಡು ದಪ್ಪ ತುಂಡು ಬ್ರೆಡ್ಡು, ಉಪ್ಪು ಹಾಕಿದ ಬೆಣ್ಣೆ. ಮೊದಲ ಚಮಚಕ್ಕೇ ಕೈಬೆರಳಿಗೆ ಜೀವ ಬಂತು. ಆಮೇಲೆ ‘ಬಾರಾ ಬ್ರೀಥ್’ ಕೊಟ್ಟರು. ಬಾರಾ ಅಂದರೆ ಬ್ರೆಡ್ಡು, ಬ್ರೀಥ್ ಅಂದರೆ ಮಚ್ಚೆ ಮಚ್ಚೆ. ಒಣದ್ರಾಕ್ಷಿಯನ್ನು ರಾತ್ರಿಯಿಡೀ ಚಹಾದಲ್ಲಿ ನೆನೆಸಿ ಮಾಡುತ್ತಾರೆ. ಅದರ ಮೇಲೂ ಬೆಣ್ಣೆ. ಚಹಾ ಖಾಲಿಯಾದ ಹಾಗೆಲ್ಲ ಅಜ್ಜಿ ಕೆಟಲ್ ಹಿಡಿದು ಬಂದು “ಪಾನೆಡ್?” ಅಂತ ಕೇಳುತ್ತಿದ್ದರು. ಒಂದು ಲೋಟ ಚಹಾಕ್ಕೆ ಅಲ್ಲಿನ ಮಾತು ಅದು. ಇಬ್ಬರಿಗೂ ಸೇರಿ 15 ಪೌಂಡ್ ಆಗಲಿಲ್ಲ. ಹೊರಡುವಾಗ ನಾನು “ದಿಯೋಲ್ಖ್” ಅಂದೆ, ಥ್ಯಾಂಕ್ಸ್ ಅಂತ. ಅಜ್ಜಿ ಅಡುಗೆಮನೆ ಕಡೆ ತಿರುಗಿ ಯಾರನ್ನೋ ಕರೆದು ಅದನ್ನು ಹೇಳಿದರು. ಬ್ಲೈನೈಗೆ ಹೋದರೆ ಇಂಥ ಸಣ್ಣ ಹೋಟೆಲಿನಲ್ಲೇ ಕೂರಿ. ಸುಮ್ನೆ ದೊಡ್ಡ ಜಾಗ ಹುಡುಕಬೇಡಿ.

ಹಿಂದಿನ ಸಂಜೆ, ಶುಕ್ರವಾರ, ಕೈರ್ನಾರ್ವನ್‌ನಲ್ಲಿ ಪಂದ್ಯ ನೋಡಿದ್ದೆವು. ಅದು ಸಣ್ಣ ಕ್ಲಬ್ ಅಲ್ಲ, ದೇಶದ ಮೇಲಿನ ಲೀಗ್ ಆದ ಕಮ್ರಿ ಪ್ರೀಮಿಯರ್‌ನದು. ಅದರ ಕೆಳಗೆ ಉತ್ತರ, ದಕ್ಷಿಣ ಅಂತ ಎರಡು ಲೀಗ್. ಅದರ ಕೆಳಗೆ ಆರ್ಡಲ್ ಲೀಗ್‌ಗಳು ನಾಲ್ಕು. ಆಮೇಲೆ ಜಿಲ್ಲೆ, ಊರು ಅಂತ ಇಳಿಯುತ್ತಾ ಹೋಗುತ್ತದೆ. ಕೈರ್ನಾರ್ವನ್ ಕ್ಲಬ್ಬು 2024ರಲ್ಲಿ ಮೊದಲ ಬಾರಿ ಯುರೋಪಿನ ಟೂರ್ನಿಗೆ ಹೋಗಿ, ಉತ್ತರ ಐರ್ಲೆಂಡ್‌ನ ಕ್ರುಸೇಡರ್ಸ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿತು. ಆದರೂ ಅವರ ಓವಲ್ ಮೈದಾನದಲ್ಲಿ ಕಂಬಿಗೆ ಒರಗಿ ನಿಂತರೆ ಆಟಗಾರನ ಉಸಿರು ಕೇಳುತ್ತದೆ. ನನ್ನ ಪಕ್ಕದ ಹುಡುಗಿ, ಎಂಟು ವರ್ಷ ಇರಬಹುದು, 90 ನಿಮಿಷವೂ “ಟಿಡ್ ಲೈನ್!” ಅಂತ ಕಿರುಚುತ್ತಿದ್ದಳು. ‘ಬಾರೋ, ಬೇಗ ಬಾರೋ’ ಅಂದ ಹಾಗೆ. ಸಣ್ಣ ಭಾಷೆ ಸೊರಗುತ್ತಿದೆ ಅಂತ ಕೇಳಿ ಕೇಳಿ ಹೋದವನು ನಾನು. ಅಲ್ಲಿ ಬೈಗುಳ, ಪ್ರೀತಿ, ರೆಫರಿಗೆ ಬುದ್ಧಿವಾದ, ಎಲ್ಲ ವೆಲ್ಷ್‌ನಲ್ಲೇ. ಕೇಳಿ ಗಂಟಲು ಕಟ್ಟಿತು.

ಆಟ ಮುಗಿದಿದ್ದು ರಾತ್ರಿ ಒಂಬತ್ತೂವರೆ ದಾಟಿ. ಕೈರ್ನಾರ್ವನ್‌ಗೆ ಮಾಮೂಲಿ ರೈಲು ಇಲ್ಲ. ನಮ್ಮ ರೂಮು ಇದ್ದದ್ದು ಬ್ಯಾಂಗರ್‌ನಲ್ಲಿ, ಬಸ್ಸಿನಲ್ಲಿ ಅರ್ಧ ಗಂಟೆ. ಆ್ಯಪ್‌ನಲ್ಲಿ ಬಸ್ಸು ‘7 ನಿಮಿಷ’ ಅಂತಿತ್ತು. ಆಮೇಲೆ ‘3 ನಿಮಿಷ’. ಆಮೇಲೆ ‘ಬಂದಿದೆ’. ನಿಲ್ದಾಣದಲ್ಲಿ ಬಸ್ಸೇ ಇಲ್ಲ! ಮರುಕ್ಷಣ ಆ ಸಾಲು ಪರದೆಯಿಂದ ಮಾಯ. ನಮ್ಮ ಜೊತೆ ನಿಂತಿದ್ದ ಇಬ್ಬರು ವಿದ್ಯಾರ್ಥಿಗಳು ಏನೂ ಆಗದವರಂತೆ ಮನೆಗೆ ಫೋನ್ ಮಾಡಿ ಕಾರು ಕರೆಸಿಕೊಂಡರು. ಅವರಿಗೆ ಇದು ಹೊಸದಲ್ಲ ಅಂತ ಗೊತ್ತಾಯಿತು. ಗಾಳಿ ಸಮುದ್ರದಿಂದ ನೇರ ಮುಖಕ್ಕೆ ಬರುತ್ತಿತ್ತು. ಟ್ಯಾಕ್ಸಿ ಸ್ಟ್ಯಾಂಡ್ ಖಾಲಿ. ಎರಡು ನಂಬರಿಗೆ ಮಾಡಿದರೆ ಒಬ್ಬರೂ ಎತ್ತಲಿಲ್ಲ. ನಲವತ್ತು ನಿಮಿಷ ಆದ ಮೇಲೆ ಹಳದಿ ಸ್ಕಾರ್ಫ್ ಹಾಕಿದ್ದ ಒಬ್ಬರು ನಮ್ಮನ್ನು ನೋಡಿ, ತಮ್ಮ ಪರಿಚಯದ ಟ್ಯಾಕ್ಸಿಯವನಿಗೆ ಮಾತಾಡಿ, ಅವನು ಬರುವವರೆಗೂ ನಮ್ಮ ಜೊತೆ ನಿಂತರು. 28 ಪೌಂಡ್ ಆಯಿತು. ಟಿಕೆಟ್ ಇಬ್ಬರಿಗೂ ಸೇರಿ ಅಷ್ಟಿರಲಿಲ್ಲ. ಸಂಜೆ ಪಂದ್ಯಕ್ಕೆ ಹೋಗುವವರು ಆ ರಾತ್ರಿ ಅದೇ ಊರಿನಲ್ಲಿ ಉಳಿಯಿರಿ. ಕೊನೆಯ ಬಸ್ಸನ್ನು ನಂಬಬೇಡಿ. ಕೊನೆಯದಕ್ಕಿಂತ ಹಿಂದಿನದನ್ನು ಹಿಡಿಯಲು ಆಗುತ್ತಾ ನೋಡಿ. ಇನ್ನೊಂದು: ಮೇಲಿನ ಲೀಗಿನ ಪಂದ್ಯಗಳನ್ನು ವೆಲ್ಷ್ ಟಿವಿ ವಾಹಿನಿಯವರು ನೇರಪ್ರಸಾರ ಮಾಡುತ್ತಾರೆ. ಅದಕ್ಕಾಗಿ ದಿನ, ಸಮಯ ಬದಲಾಗುವುದುಂಟು. ರೂಮು ಬುಕ್ ಮಾಡಿದ ಮೇಲೂ ಒಮ್ಮೆ ನೋಡಿ.

ರೆಕ್ಸಮ್‌ಗೆ ಹೋಗಲಿಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ಹೋಗಲಿಲ್ಲ. ಅಲ್ಲಿನ ರೇಸ್‌ಕೋರ್ಸ್ ಮೈದಾನಕ್ಕೆ ದೊಡ್ಡ ಚರಿತ್ರೆ ಇದೆ. 1877ರಲ್ಲಿ ವೇಲ್ಸ್ ತನ್ನ ನೆಲದ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದ್ದು ಅಲ್ಲೇ, ಅಂಥ ಪಂದ್ಯಗಳು ಇವತ್ತಿಗೂ ಅಲ್ಲಿ ನಡೆಯುತ್ತವೆ. ವೇಲ್ಸ್ ಫುಟ್‌ಬಾಲ್ ಸಂಸ್ಥೆ 1876ರಲ್ಲಿ ಹುಟ್ಟಿದ್ದೂ ಆ ಊರಿನಲ್ಲೇ. ಆದರೆ 2021ರಲ್ಲಿ ಹಾಲಿವುಡ್ ನಟರು ಕ್ಲಬ್ಬು ಕೊಂಡ ಮೇಲೆ ಜನವೋ ಜನ. ತಂಡ ಆಡುವುದೂ ಇಂಗ್ಲೆಂಡಿನ ಲೀಗಿನಲ್ಲಿ. ನನಗೆ ನೂಕುನುಗ್ಗಲು ಕಂಡರೆ ಆಗುವುದಿಲ್ಲ. ಜಾತ್ರೆಯ ಸಂಭ್ರಮ ಬೇಕು ಅನ್ನುವವರು ಖಂಡಿತ ಹೋಗಿ.

ಮುಂದಿನ ಶನಿವಾರ ಪೋರ್ತ್‌ಮಾಡೋಗ್. ಈ ಸಲ ಎದ್ದ ಕೂಡಲೇ ಕ್ಲಬ್ಬಿನ ಖಾತೆ ನೋಡಿದೆ, ಹೊರಡುವಾಗ ನೋಡಿದೆ, ಮತ್ತೆ ದಾರಿಯಲ್ಲಿ ನೋಡಿದೆ. ಪಂದ್ಯ ಇತ್ತು. ಮೈದಾನದ ಹೆಸರು ‘ತ್ರೈಥ್’, ಅಂದರೆ ಕಡಲ ದಂಡೆ. ಬ್ಲೈನೈಯ ಸ್ಲೇಟ್ ಕಲ್ಲು 1836ರಿಂದ ಸಣ್ಣ ರೈಲಿನಲ್ಲಿ ಇಳಿದು ಬಂದು ಹಡಗು ಹತ್ತಿದ್ದು ಈ ಊರಿನಿಂದಲೇ. ಪೇಟೆ ಬೀದಿಯಿಂದ ಹತ್ತು ನಿಮಿಷ ನಡೆದರೆ ಮೈದಾನ. ಗೇಟಿನಲ್ಲಿ ಒಬ್ಬ ಮುದುಕರು ಬಿಸ್ಕತ್ತಿನ ಡಬ್ಬಿ ಇಟ್ಟುಕೊಂಡು ದುಡ್ಡು ತಗೊಳ್ಳುತ್ತಿದ್ದರು. ಎಲ್ಲಿಂದ ಬಂದಿರಿ ಅಂತ ಕೇಳಿದರು. ಕರ್ನಾಟಕ ಅಂದೆ. ಒಂದು ಕ್ಷಣ ಯೋಚಿಸಿ, “ನಿಮಗೂ ನಿಮ್ಮದೇ ಭಾಷೆ ಇದೆಯಾ?” ಅಂದರು. ಇದೆ ಅಂದೆ. ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟು, ಕನ್ನಡದಲ್ಲಿ ಫುಟ್‌ಬಾಲಿಗೆ ಏನಂತೀರಿ ಅಂತ ವಿಚಾರಿಸಿದರು. ಕಾಲ್ಚೆಂಡು ಅಂದು ಬಿಡಿಸಿ ಹೇಳಿದೆ. ಅವರ ಭಾಷೆಯಲ್ಲಿ ಅದು ‘ಪೇಲ್-ದ್ರೋಯ್ಡ್’. ಪೇಲ್ ಚೆಂಡು, ದ್ರೋಯ್ಡ್ ಕಾಲು. ಅದೇ ಎರಡು ಪದ, ಹಿಂದುಮುಂದು. ನಮ್ಮ ಹಿಂದೆ ಸಾಲು ಬೆಳೆದರೂ ಯಾರೂ ಗೊಣಗಲಿಲ್ಲ.

ಆಟ ಸಾಧಾರಣ. ಆದರೆ ಗೋಲಿನ ಹಿಂದೆ ಮೊಯಿಲ್ವಿನ್ ಬೆಟ್ಟಗಳ ನೆತ್ತಿಯಲ್ಲಿ ಹಿಮ ಇತ್ತು. ಅರ್ಧ ಸಮಯಕ್ಕೆ ಜನರೆಲ್ಲ ಎದ್ದು ಮೈದಾನ ಸುತ್ತಿ ಆಚೆ ಕಡೆಯ ಗೋಲಿನ ಹಿಂದೆ ಹೋದರು. ತಮ್ಮ ತಂಡ ಯಾವ ಗೋಲಿನತ್ತ ಆಡುತ್ತದೋ ಅಲ್ಲಿ ನಿಲ್ಲುವುದು ಪದ್ಧತಿ. ನೀವೂ ಅವರ ಜೊತೆ ಹೋಗಿ, ಮಾತು ಶುರುವಾಗುವುದು ಆ ನಡಿಗೆಯಲ್ಲೇ. ಚಿಲ್ಲರೆ ದುಡ್ಡು ಇಟ್ಟುಕೊಂಡಿರಿ, ಗೇಟಿಗೂ ಚಹಾಕ್ಕೂ ರಾಫೆಲ್ ಅನ್ನುವ ಲಕ್ಕಿ ಡ್ರಾ ಚೀಟಿಗೂ ಬೇಕಾಗುತ್ತದೆ. ಆ ಒಂದು ಪೌಂಡಿನ ಚೀಟಿ ತಪ್ಪದೆ ತಗೊಳ್ಳಿ. ಇಂಥ ಕ್ಲಬ್ಬುಗಳಿಗೆ ಆ ದುಡ್ಡೂ ಒಂದು ಆಸರೆ. ಕಾಲಿಗೆ ಕ್ಯಾನ್ವಾಸ್ ಶೂ ಬೇಡ, ನೀರಿಳಿಯದ ಬೂಟು ಹಾಕಿ. ಕಂಬಿಯ ಹತ್ತಿರ ಕೊಡೆ ಬಿಚ್ಚಬೇಡಿ, ಹಿಂದಿನವರಿಗೆ ಕಾಣುವುದಿಲ್ಲ. ಟೋಪಿ ಇರುವ ರೇನ್‌ಕೋಟು ಸಾಕು.

ರೂಮಿನ ಬಗ್ಗೆ ಒಂದೇ ಮಾತು. ಕಡಲ ಪಕ್ಕದ ಒಂದು ಊರಿನಲ್ಲಿ ‘ಸಮುದ್ರ ಕಾಣುವ ಕೋಣೆ’ ಅಂತ ರಾತ್ರಿಗೆ 110 ಪೌಂಡ್ ಕೊಟ್ಟೆವು. ಹೀಟರ್ ರಾತ್ರಿ ಹತ್ತಕ್ಕೆ ತಾನಾಗೇ ಆರಿತು, ಬೆಳಗ್ಗೆ ಆರರವರೆಗೆ ಹತ್ತಲಿಲ್ಲ. ಭಾವ ಕೋಟು ಹಾಕಿಕೊಂಡೇ ಮಲಗಿದರು. ಚಳಿಗಾಲದಲ್ಲಿ ಸಮುದ್ರ ಸಂಜೆ ಐದೂವರೆಯ ಮೇಲೆ ಕಾಣುವುದೂ ಇಲ್ಲ. ಹೀಟರ್ ರಾತ್ರಿಯೆಲ್ಲ ಇರುತ್ತಾ ಅಂತ ಮೊದಲೇ ಕೇಳಿ. ಆಮೇಲೆ ದುಡ್ಡು ಕಟ್ಟಿ.

ತ್ರೈಥ್‌ನಲ್ಲಿ ಚಹಾ ಕುಡಿಯುವಾಗ ಒಬ್ಬರು ಹೇಳಿದ ಮಾತು ನಿಮಗೆಲ್ಲ ಉಪಯೋಗಕ್ಕೆ ಬರುತ್ತದೆ. ಚಳಿಗಾಲದಲ್ಲಿ ಮಳೆಯಿಂದ ನಿಂತ ಪಂದ್ಯಗಳನ್ನೆಲ್ಲ ಏಪ್ರಿಲ್‌ನಲ್ಲಿ ಆಡಿ ಮುಗಿಸುತ್ತಾರೆ. ಆಗ ರಾತ್ರಿ ಎಂಟರವರೆಗೆ ಬೆಳಕಿರುವುದರಿಂದ, ದೀಪದ ಕಂಬ ಇಲ್ಲದ ಮೈದಾನಗಳಲ್ಲೂ ಮಂಗಳವಾರ, ಬುಧವಾರ ಸಂಜೆ ಆಟ ಇಡುತ್ತಾರೆ. ಫೆಬ್ರವರಿಯಲ್ಲಿ ವಾರಕ್ಕೆ ಒಂದು ಮೈದಾನ ನೋಡಿದರೆ ಹೆಚ್ಚು, ಏಪ್ರಿಲ್‌ನಲ್ಲಿ ನಾಲ್ಕು ನೋಡಬಹುದು. ಊರಿಗೆ ಬಂದ ಮೇಲೆ ಭಾವ ಮೆಸೇಜ್ ಹಾಕಿದ್ದರು: ಕಾಯ್ ಕ್ಲೀಡ್‌ನ ಆ ಪಂದ್ಯ ಏಪ್ರಿಲ್ ತಿಂಗಳ ಒಂದು ಮಂಗಳವಾರ, ಸಂಜೆ 6:30ಕ್ಕೆ. ಅವರು ಆಫೀಸಿಗೆ ರಜೆ ಹಾಕಿ ಆಗಿದೆಯಂತೆ. ಬಾರಾ ಬ್ರೀಥ್ ನನ್ನ ಪಾಲಿನದೂ ತಿಂದು ಬನ್ನಿ ಅಂತ ಬರೆದೆ.